ಕರಿಬೇವಿನ ಗಿಡದ ಬಹುರೂಪಿ

ಹಿತ್ತಲಲ್ಲಿ ಒಂದು ಕರಿಬೇವಿನ ಗಿಡವಿಲ್ಲದ ಮನೆ ನಮ್ಮ ನಾಡಿನಲ್ಲಿ ಅಪರೂಪ. ಹಿತ್ತಲೇ ಇಲ್ಲದ ಪಟ್ಟಣದ ಮನೆಗಳಲ್ಲಿಯೂ ತಾರಸಿಯ ಮೇಲಿನ ಕುಂಡದಲ್ಲಿ ಅದು ಹೇಗೋ ಬೇರೂರಿರುತ್ತದೆ. ಒಗ್ಗರಣೆಗೆಂದು ನಾಲ್ಕು ಎಸಳು ಕೀಳಲು ಹೋದ ಗೃಹಿಣಿ, ಎಳೆಯ ಚಿಗುರನ್ನೆಲ್ಲ ಯಾವುದೋ ಹುಳು ಬೋಳಿಸಿರುವುದನ್ನು ಕಂಡು ಬೇಸರಪಡುವುದುಂಟು. ಹುಡುಕಿದರೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರುವ ಒಂದು ಸಣ್ಣ ವಸ್ತು ಕಾಣುತ್ತದೆ. ಮುಟ್ಟಿದರೆ ಅದು ಮಿಸುಕುತ್ತದೆ! ಕೆಲವೇ ದಿನಗಳಲ್ಲಿ ಆ ಮರಿಹುಳು ಎಲೆಹಸುರಿನ ಬಣ್ಣ ತಳೆದು ಪುಷ್ಟವಾಗಿ ಬೆಳೆಯುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡೊಂದನ್ನು ಹೊರಚಾಚಿ ಕಟುವಾದ ವಾಸನೆಯನ್ನು ಬೀರುತ್ತದೆ. ಅನೇಕ ಹುಳುಗಳ ಬಾಳು ಅಲ್ಲಿಗೇ ಮುಗಿಯುತ್ತದೆ. ಕಡ್ಡಿಯಿಂದ ಕೆಡವಿ ಎಸೆದರೆ ಗಿಡ ಉಳಿಯಿತೆಂದು ಮನೆಯಾಕೆಗೆ ಸಮಾಧಾನ.

ಹಾಗೆ ಎಸೆಯಲ್ಪಡದೆ ಉಳಿದ ಹುಳು ಪ್ಯೂಪ ಎಂಬ ನಿಶ್ಚಲ ಸ್ಥಿತಿಯನ್ನು ತಾಳಿ, ಕಡ್ಡಿಗೆ ಅಂಟಿಕೊಂಡು ಮೌನವಾಗಿರುತ್ತದೆ. ಒಂದು ಬೆಳಗ್ಗೆ ಅದರ ಹೊದಿಕೆ ಬಿರಿದು, ಕಪ್ಪು ರೆಕ್ಕೆಗಳ ಸುಂದರವಾದ ಚಿಟ್ಟೆಯೊಂದು ಹೊರಬರುತ್ತದೆ. ಶಾಸ್ತ್ರಜ್ಞರು ಇದನ್ನು ಪೆಪಿಲಿಯೊ ಪಾಲಿಟಿಸ್ ಎಂದು ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಕಾಮನ್ ಮಾರ್ಮನ್’ ಎಂದು ಹೆಸರು. ಕರಿಬೇವು, ನಿಂಬೆ, ಬಿಲ್ವಗಳಂಥ ಗಿಡಗಳೇ ಇದರ ಮರಿಗಳಿಗೆ ಆಹಾರ. ಇಷ್ಟು ಸಾಮಾನ್ಯವಾದ ಈ ಚಿಟ್ಟೆ ಜೀವವಿಜ್ಞಾನದ ಮುಂದೆ ಒಡ್ಡಿದ ಸಮಸ್ಯೆ ಮಾತ್ರ ಸಾಮಾನ್ಯವಾದುದಲ್ಲ. ಅದನ್ನು ಬಿಡಿಸಲು ಒಂದೂವರೆ ಶತಮಾನವೇ ಬೇಕಾಯಿತು.

ಒಂದೇ ಜಾತಿ, ಮೂರು ಉಡುಗೆ

ಗಂಡು ಚಿಟ್ಟೆಯನ್ನು ಗುರುತಿಸುವುದು ಸುಲಭ. ಕಪ್ಪು ಮೈ, ಕಪ್ಪು ರೆಕ್ಕೆ. ಹಿಂದಿನ ರೆಕ್ಕೆಗಳಿಗೆ ಅಡ್ಡಲಾಗಿ ಮುತ್ತು ಪೋಣಿಸಿದಂತೆ ಬಿಳಿಯ ಚುಕ್ಕೆಗಳ ಸಾಲು. ತೊಡಕು ಇರುವುದು ಹೆಣ್ಣಿನಲ್ಲಿ. ನಮ್ಮಲ್ಲಿಯ ಹೆಣ್ಣು ಚಿಟ್ಟೆಗಳು ಮೂರು ಬಗೆಯಾಗಿ ಕಾಣಿಸಿಕೊಳ್ಳುತ್ತವೆ. ಕೆಲವು ಗಂಡಿನಂತೆಯೇ ಇರುತ್ತವೆ. ಇನ್ನು ಕೆಲವುಗಳ ಹಿಂದಿನ ರೆಕ್ಕೆಯ ನಡುವೆ ಬಿಳಿಯ ಮಚ್ಚೆಗಳೂ ಅಂಚಿನಲ್ಲಿ ಕೆಂಪು ಗುರುತುಗಳೂ ಇರುತ್ತವೆ. ಮೂರನೆಯ ಬಗೆಯಲ್ಲಿ ಮುಂದಿನ ರೆಕ್ಕೆಯ ಮೇಲೆ ಬಿಳಿಯ ಪಟ್ಟೆ, ಹಿಂದಿನ ರೆಕ್ಕೆಯ ತುಂಬ ಕಡುಗೆಂಪು ಚುಕ್ಕೆಗಳು. ಇವೆಲ್ಲ ಒಂದೇ ಜಾತಿಯವೆಂದು ಮೊದಲು ಯಾರಿಗೂ ಹೊಳೆಯಲಿಲ್ಲ. ಬಹುಕಾಲ ಇವನ್ನು ಬೇರೆ ಬೇರೆ ಜಾತಿಗಳೆಂದೇ ಎಣಿಸಿದ್ದರು. ಆಗ್ನೇಯ ಏಷ್ಯದ ದ್ವೀಪಗಳಲ್ಲಿ ವರ್ಷಗಟ್ಟಲೆ ಅಲೆದು ಬಂದ ಆಲ್‌ಫ್ರೆಡ್ ರಸೆಲ್ ವಾಲೇಸ್, 1865ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಇವು ಒಂದೇ ಜಾತಿಯ ಹೆಣ್ಣುಗಳ ಹಲವು ರೂಪಗಳೆಂದು ತೋರಿಸಿಕೊಟ್ಟನು.

ಈ ವೇಷಗಳೇತಕ್ಕೆ? ಅದರ ಉತ್ತರ ಇನ್ನೊಂದು ಗಿಡದಲ್ಲಿದೆ. ಈಶ್ವರಿ ಬಳ್ಳಿಯೆಂದು ನಮ್ಮ ಹಳ್ಳಿಗಳ ನಾಟಿವೈದ್ಯರು ಬಲ್ಲ ಬಳ್ಳಿಯ ಎಲೆಗಳಲ್ಲಿ ವಿಷವಿದೆ. ‘ಕಾಮನ್ ರೋಸ್’ ಮತ್ತು ‘ಕ್ರಿಮ್‌ಸನ್ ರೋಸ್’ ಎಂಬ ಎರಡು ಚಿಟ್ಟೆಗಳ ಮರಿಗಳು ಆ ಎಲೆಯನ್ನೇ ತಿಂದು, ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತವೆ. ಅಂಥ ಚಿಟ್ಟೆಯ ರುಚಿಯನ್ನು ಒಮ್ಮೆ ಕಂಡ ಹಕ್ಕಿ ಮತ್ತೆ ಅದರ ಗೊಡವೆಗೆ ಹೋಗುವುದಿಲ್ಲ. ಕರಿಬೇವಿನ ಚಿಟ್ಟೆಗೆ ಅಂಥ ವಿಷವಿಲ್ಲ. ಆದರೆ ಅದರ ಹೆಣ್ಣಿನ ಒಂದು ರೂಪ ಕಾಮನ್ ರೋಸಿನ ಪಡಿಯಚ್ಚು, ಇನ್ನೊಂದು ರೂಪ ಕ್ರಿಮ್‌ಸನ್ ರೋಸಿನ ಪಡಿಯಚ್ಚು. ಹುಲಿವೇಷ ತೊಟ್ಟವನನ್ನು ಕಂಡು ಮಕ್ಕಳು ಬೆದರುವಂತೆ ಹಕ್ಕಿಗಳು ಈ ವೇಷಕ್ಕೆ ಮೋಸಹೋಗುತ್ತವೆ. ಅಮೆಜಾನಿನ ಕಾಡುಗಳಲ್ಲಿ ಚಿಟ್ಟೆಗಳನ್ನು ಅಭ್ಯಾಸ ಮಾಡಿದ ಹೆನ್ರಿ ಬೇಟ್ಸ್ 1862ರಲ್ಲಿ ವಿವರಿಸಿದ ಅನುಕರಣೆಯ ತತ್ತ್ವ ಇದೇ.

ವೇಷಧಾರಿಯನ್ನು ಪತ್ತೆಹಚ್ಚುವ ಒಂದು ಉಪಾಯವನ್ನು ಮನೆಯ ಮಕ್ಕಳಿಗೂ ಹೇಳಿಕೊಡಬಹುದು. ರೆಕ್ಕೆಯನ್ನು ಬಿಟ್ಟು ಮೈಯನ್ನು ನೋಡಬೇಕು. ನಿಜವಾದ ವಿಷದ ಚಿಟ್ಟೆಯ ಮೈ ಕೆಂಪು. ಕರಿಬೇವಿನ ಚಿಟ್ಟೆಯ ಮೈ ಯಾವ ವೇಷದಲ್ಲಿಯೂ ಕಪ್ಪು. ರೆಕ್ಕೆಗೆ ಬಣ್ಣ ಬಳಿದ ಪ್ರಕೃತಿ ಮೈಯನ್ನು ಹಾಗೆಯೇ ಬಿಟ್ಟಿದೆ.

ಪಂಜರದೊಳಗಿನ ಲೆಕ್ಕ

ಒಂದೇ ತಾಯಿಯ ಮೊಟ್ಟೆಗಳಿಂದ ಬಂದ ಹೆಣ್ಣುಮಕ್ಕಳಲ್ಲಿ ಒಬ್ಬಳು ವೇಷ ತೊಟ್ಟು, ಇನ್ನೊಬ್ಬಳು ಸಾದಾ ಉಡುಗೆಯಲ್ಲಿ ಬರುವುದುಂಟು. ಅರ್ಧ ವೇಷದವಳು ಮಾತ್ರ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಈ ಶತಮಾನದ ಹಿಂದಿನ ಶತಮಾನದ ಮೊದಲ ದಶಕಗಳಲ್ಲಿ ಸಿಂಹಳದಲ್ಲಿದ್ದ ಜೆ. ಸಿ. ಎಫ್. ಫ್ರೈಯರ್ ಎಂಬ ವಿದ್ವಾಂಸ ಈ ಚಿಟ್ಟೆಗಳನ್ನು ತಲೆಮಾರಿನಿಂದ ತಲೆಮಾರಿಗೆ ಸಾಕಿ, ಯಾವ ತಾಯಿತಂದೆಗಳಿಗೆ ಎಂಥ ಮಕ್ಕಳು ಹುಟ್ಟಿದರೆಂದು ತಾಳ್ಮೆಯಿಂದ ಬರೆದಿಟ್ಟನು. 1913ರ ಸುಮಾರಿಗೆ ಅವನು ಕೊಟ್ಟ ತೀರ್ಮಾನ ಇದು: ವೇಷ ಮೆಂಡೆಲನ ನಿಯಮಗಳಿಗೆ ಅನುಸಾರವಾಗಿಯೇ ಮಕ್ಕಳಿಗೆ ಸಾಗುತ್ತದೆ, ಗಂಡು ಅದನ್ನು ತನ್ನೊಳಗೆ ಹೊತ್ತು ತಿರುಗಿದರೂ ಹೊರಗೆ ತೋರಗೊಡುವುದಿಲ್ಲ.

ಮುಂದೆ ಈ ಕೆಲಸವನ್ನು ಕೈಗೆತ್ತಿಕೊಂಡವರು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಇಬ್ಬರು: ಬಾಲ್ಯದಿಂದಲೂ ಚಿಟ್ಟೆಗಳ ಹುಚ್ಚು ಹಿಡಿಸಿಕೊಂಡಿದ್ದ ವೈದ್ಯ ಸಿರಿಲ್ ಕ್ಲಾರ್ಕ್ ಮತ್ತು ತಳಿಶಾಸ್ತ್ರಜ್ಞ ಫಿಲಿಪ್ ಶೆಪರ್ಡ್. ಪಂಜರದಲ್ಲಿ ಕೂಡಲು ಒಲ್ಲದ ಚಿಟ್ಟೆಗಳನ್ನು ಎರಡು ಕೈಗಳಲ್ಲಿ ಮೃದುವಾಗಿ ಹಿಡಿದು ಜೊತೆಗೂಡಿಸುವ ಕಲೆ ಕ್ಲಾರ್ಕನಿಗೆ ಸಿದ್ಧಿಸಿತ್ತು. ಇವರಿಬ್ಬರೂ 1972ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ರೆಕ್ಕೆಯ ಇಡೀ ಚಿತ್ತಾರ ವಂಶವಾಹಿಗಳ ಒಂದೇ ಒಂದು ನೆಲೆಯಿಂದ ನಿಯಂತ್ರಿತವಾಗಿದೆ. ಅಷ್ಟೊಂದು ಬಣ್ಣ, ಅಷ್ಟೊಂದು ಆಕಾರಗಳನ್ನು ಒಂದೇ ನೆಲೆ ಆಳಬೇಕಾದರೆ ಅಲ್ಲಿ ಹಲವು ವಂಶವಾಹಿಗಳು ಒಂದಕ್ಕೊಂದು ಅಂಟಿಕೊಂಡು ಕುಳಿತಿರಬೇಕೆಂಬುದು ಆ ಕಾಲದ ಊಹೆ. ಅಂಥ ಗುಂಪಿಗೆ ‘ಸೂಪರ್‌ಜೀನ್’ ಎಂದು ಹೆಸರಿಟ್ಟರು.

ಚಿಟ್ಟೆಗಳ ಈ ಲೆಕ್ಕಾಚಾರ ಮನುಷ್ಯರಿಗೂ ಉಪಕಾರ ಮಾಡಿತು. ಚಿಟ್ಟೆಯ ರೆಕ್ಕೆಗೂ ಮನುಷ್ಯನ ಆರ್‌ಎಚ್ ರಕ್ತಗುಂಪಿಗೂ ಆನುವಂಶಿಕತೆಯಲ್ಲಿ ಹೋಲಿಕೆಯಿದೆಯೆಂದು ಕಂಡ ಕ್ಲಾರ್ಕ್ ಆ ಕಡೆಗೆ ತಿರುಗಿದನು. ತಾಯಿಯ ಮತ್ತು ಗರ್ಭದ ಶಿಶುವಿನ ರಕ್ತಗುಂಪು ಹೊಂದದೆ ಎಳೆಯ ಕೂಸುಗಳು ಸಾಯುತ್ತಿದ್ದ ಆ ಕಾಲದಲ್ಲಿ, ಅದನ್ನು ತಡೆಯುವ ಚುಚ್ಚುಮದ್ದಿನ ವಿಧಾನವನ್ನು 1960ರ ದಶಕದಲ್ಲಿ ರೂಪಿಸಿದವರಲ್ಲಿ ಲಿವರ್‌ಪೂಲಿನ ಅವನ ತಂಡವೂ ಒಂದು. ಇಂದು ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಕೊಡುವ ‘ಆಂಟಿ-ಡಿ’ ಚುಚ್ಚುಮದ್ದಿನ ಹಿಂದೆ ಚಿಟ್ಟೆಯ ಪಂಜರವೂ ಇದೆಯೆಂಬುದನ್ನು ಎಷ್ಟು ಮಂದಿ ಬಲ್ಲರು?

ಆದರೆ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ಆ ನೆಲೆಯಲ್ಲಿ ಕುಳಿತಿರುವ ವಂಶವಾಹಿ ಯಾವುದು? ಅದು ಮಾಡುವ ಕೆಲಸವೇನು? ಪಂಜರದ ಲೆಕ್ಕಕ್ಕೆ ಇದು ನಿಲುಕುವಂತಿರಲಿಲ್ಲ.

ಯಾವ ಪರ್ವದ ಪಾರಾಯಣ?

ಇಲ್ಲಿ ಒಂದು ಮಾತನ್ನು ತಿಳಿದುಕೊಳ್ಳುವುದು ಅವಶ್ಯ. ಪ್ರಾಣಿಯ ಮೈಯಲ್ಲಿರುವ ಸರಿಸುಮಾರು ಪ್ರತಿಯೊಂದು ಜೀವಕೋಶದಲ್ಲಿಯೂ ವಂಶವಾಹಿಗಳ, ಅಂದರೆ ಜೀನುಗಳ, ಇಡೀ ಭಂಡಾರವಿರುತ್ತದೆ. ಕಣ್ಣಿನ ಕೋಶದಲ್ಲಿರುವ ಜೀನುಗಳೇ ರೆಕ್ಕೆಯ ಕೋಶದಲ್ಲಿಯೂ ಇವೆ. ಹಾಗಾದರೆ ಒಂದು ಕಣ್ಣಾಗಿ ಇನ್ನೊಂದು ರೆಕ್ಕೆಯಾಗುವುದೇಕೆ? ಹದಿನೆಂಟು ಪರ್ವಗಳ ಮಹಾಭಾರತ ಮನೆಯಲ್ಲಿದ್ದರೂ ಗಮಕಿಗಳು ಒಂದು ಸಂಜೆಗೆ ಎಲ್ಲವನ್ನೂ ವಾಚಿಸುವುದಿಲ್ಲ. ಒಂದು ಮನೆಯಲ್ಲಿ ವಿರಾಟಪರ್ವ ನಡೆಯುತ್ತಿದ್ದರೆ ಇನ್ನೊಂದು ಮನೆಯಲ್ಲಿ ಕರ್ಣಪರ್ವ. ಗ್ರಂಥ ಒಂದೇ, ಕೇಳುವವರ ಕಿವಿಗೆ ಬೀಳುವ ಕಥೆ ಬೇರೆ. ಹಾಗೆಯೇ ಪ್ರತಿಯೊಂದು ಕೋಶವೂ ತನಗೆ ಬೇಕಾದ ಹೊತ್ತಿನಲ್ಲಿ ಬೇಕಾದ ಜೀನುಗಳನ್ನು ಮಾತ್ರ ‘ಓದುತ್ತದೆ’.

ಓದುವುದೆಂದರೆ ನಕಲು ತೆಗೆಯುವುದು. ಡಿಎನ್ಎ ಎಂಬ ಮೂಲಗ್ರಂಥದಿಂದ ಒಂದು ಜೀನಿನ ಪಾಠವನ್ನು ಆರ್‌ಎನ್ಎ ಎಂಬ ಬಿಡಿ ಓಲೆಯ ಮೇಲೆ ಕೋಶ ಬರೆದುಕೊಳ್ಳುತ್ತದೆ; ಆ ಓಲೆಯನ್ನು ನೋಡಿಕೊಂಡು ಪ್ರೋಟೀನನ್ನು ತಯಾರಿಸುತ್ತದೆ. ಯಾವ ಜೀನಿನ ಓಲೆಗಳು ಎಷ್ಟಿವೆಯೆಂದು ಎಣಿಸಿದರೆ ಆ ಕೋಶದಲ್ಲಿ ಯಾವ ಪರ್ವದ ಪಾರಾಯಣ ನಡೆಯುತ್ತಿದೆಯೆಂದು ತಿಳಿಯುತ್ತದೆ. ಇದನ್ನೇ ಜೀನುಗಳ ಅಭಿವ್ಯಕ್ತಿಯ ಅಧ್ಯಯನವೆನ್ನುತ್ತಾರೆ.

ಸಲಕರಣೆಗಳಿಲ್ಲದ ಜೀವಿ

ಈ ಅಧ್ಯಯನ ಅತ್ಯಂತ ಸುಲಭವಾದುದು ಹಣ್ಣಿನ ನೊಣದಲ್ಲಿ. ಬಾಳೆಯ ಹಣ್ಣು ಕೊಳೆತಲ್ಲಿ ಮುತ್ತುವ ಆ ಪುಟ್ಟ ನೊಣವನ್ನು ಟಿ. ಎಚ್. ಮಾರ್ಗನ್ ಅಮೆರಿಕದ ಪ್ರಯೋಗಶಾಲೆಯಲ್ಲಿ ಸಾಕತೊಡಗಿ ನೂರು ವರ್ಷಗಳ ಮೇಲಾಯಿತು. ಹತ್ತು ಹನ್ನೆರಡು ದಿನಗಳಿಗೆ ಒಂದು ತಲೆಮಾರು. ಒಂದು ಸೀಸೆಯಲ್ಲಿ ನೂರಾರು ನೊಣಗಳು. ಯಾವ ಜೀನನ್ನು ಕೆಡಿಸಬೇಕು, ಯಾವುದನ್ನು ಬೇಕೆಂದಾಗ ಎಬ್ಬಿಸಬೇಕು ಎಂಬುದಕ್ಕೆಲ್ಲ ಸಿದ್ಧಪಡಿಸಿದ ಸಾವಿರಾರು ತಳಿಗಳು ಸಂಗ್ರಹಾಲಯಗಳಲ್ಲಿವೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಹಣ್ಣಿನ ನೊಣಗಳ ಅಂಥದೊಂದು ಸಂಗ್ರಹ ಉಂಟು.

ಕರಿಬೇವಿನ ಚಿಟ್ಟೆಗೆ ಈ ಯಾವ ಸೌಕರ್ಯವೂ ಇರಲಿಲ್ಲ. ಅದಕ್ಕೆ ಸೀಸೆ ಸಾಲದು, ಪಂಜರ ಬೇಕು. ದಿನವೂ ತಾಜಾ ಎಲೆ ಬೇಕು. ಸಿದ್ಧ ತಳಿಗಳಿಲ್ಲ, ಜೀನುಗಳ ನಕ್ಷೆಯಿಲ್ಲ. ಹಾಗೆಂದು ಪ್ರಶ್ನೆಯನ್ನು ನೊಣಕ್ಕೆ ಕೇಳುವಂತೆಯೂ ಇಲ್ಲ. ವೇಷ ತೊಡುವ ವಿದ್ಯೆಯೇ ನೊಣಕ್ಕೆ ಗೊತ್ತಿಲ್ಲವಲ್ಲ! ಪ್ರಪಂಚದಲ್ಲಿರುವ ಜೀವಜಾತಿಗಳಲ್ಲಿ ಬಹುಪಾಲು ಇಂಥವೇ. ಪ್ರಯೋಗಶಾಲೆಗೆ ಒಗ್ಗಿದವು ಬೆರಳೆಣಿಕೆಯಷ್ಟು. ಸೋಜಿಗಗಳನ್ನು ಬಚ್ಚಿಟ್ಟುಕೊಂಡಿರುವವು ಉಳಿದವು.

ಇದರಿಂದ ಹೊರಬರುವ ಮೊದಲ ದಾರಿ ಎರವಲು ತರುವುದು. ನೊಣದ ಅನೇಕ ಜೀನುಗಳ ನಂಟಸ್ತಿಕೆ ಚಿಟ್ಟೆಯಲ್ಲಿಯೂ ಉಳಿದಿದೆ. 1994ರಲ್ಲಿ ಅಮೆರಿಕದ ಶಾನ್ ಕ್ಯಾರಲ್ ಮತ್ತು ಸಂಗಡಿಗರು, ನೊಣದಲ್ಲಿ ಕಾಲುಗಳ ಬೆಳವಣಿಗೆಗೆ ಬೇಕಾದುದೆಂದು ಗೊತ್ತಿದ್ದ ‘ಡಿಸ್ಟಲ್-ಲೆಸ್’ ಎಂಬ ಜೀನನ್ನು ಚಿಟ್ಟೆಯೊಂದರ ಎಳೆಯ ರೆಕ್ಕೆಯಲ್ಲಿ ಹುಡುಕಿದರು. ಮುಂದೆ ಕಣ್ಣಿನಾಕಾರದ ಚುಕ್ಕೆ ಮೂಡಬೇಕಾದ ಜಾಗದ ನಟ್ಟನಡುವೆ ಅದು ಕೆಲಸ ಮಾಡುತ್ತಿರುವುದು ಕಂಡುಬಂದಿತು. ಬಣ್ಣ ಬೀಳುವ ಎಷ್ಟೋ ಮೊದಲೇ ಚಿತ್ರದ ಗೆರೆ ಅಲ್ಲಿ ಬಿದ್ದಿತ್ತು!

ಎರಡನೆಯ ದಾರಿ ತೆರೆದದ್ದು ಈ ಶತಮಾನದಲ್ಲಿ. ನಕ್ಷೆಯಿಲ್ಲದ ಜೀವಿಯ ಅಂಗವೊಂದರಿಂದಲೂ ಆರ್‌ಎನ್ಎ ಓಲೆಗಳನ್ನೆಲ್ಲ ಒಟ್ಟಿಗೆ ತೆಗೆದು, ಅವುಗಳ ಅಕ್ಷರಗಳನ್ನು ಓದಿ, ಎಣಿಸಿಕೊಡಬಲ್ಲ ಯಂತ್ರಗಳು ಬಂದವು. ಆದರೆ ಯಂತ್ರ ಬಂದ ಮಾತ್ರಕ್ಕೆ ಕೆಲಸ ಹಗುರವಾಗಲಿಲ್ಲ. ಆರ್‌ಎನ್ಎ ಬಹು ಬೇಗ ಕೆಡುವ ವಸ್ತು. ರೆಕ್ಕೆಯನ್ನು ತೆಗೆದೊಡನೆಯೇ ಅದನ್ನು ಕಾಪಿಡಬೇಕು. ಎರಡು ಪ್ಯೂಪಗಳ ವಯಸ್ಸು ಒಂದೇ ಆಗಿರದಿದ್ದರೆ, ವಯಸ್ಸಿನಿಂದಾದ ವ್ಯತ್ಯಾಸವನ್ನು ವೇಷದ ವ್ಯತ್ಯಾಸವೆಂದು ಭ್ರಮಿಸುವ ಅಪಾಯವಿದೆ. ಇನ್ನೂ ಒಂದು ಸಂಕಟ ಉಂಟು. ಎಳೆಯ ರೆಕ್ಕೆಯನ್ನು ತೆಗೆದ ಮೇಲೆ ಆ ಚಿಟ್ಟೆ ಎಂದೂ ಹಾರುವುದಿಲ್ಲ. ಅದು ಯಾವ ಉಡುಗೆಯಲ್ಲಿ ಹೊರಬರುತ್ತಿತ್ತೆಂದು ಕಣ್ಣಾರೆ ಕಾಣುವಂತಿಲ್ಲ. ಆದಕಾರಣ ಅದರ ತಾಯಿತಂದೆಗಳ ಲೆಕ್ಕ ಮೊದಲೇ ತಿಳಿದಿರಬೇಕು, ಇಲ್ಲವೇ ಅದರ ಡಿಎನ್ಎ ನೋಡಿ ನಿರ್ಧರಿಸಬೇಕು. ಫ್ರೈಯರನ ಕಾಲದ ಪಂಜರದ ತಾಳ್ಮೆ ಇಲ್ಲಿಯೂ ತಪ್ಪಲಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ, ಷಿಕಾಗೊ ವಿಶ್ವವಿದ್ಯಾನಿಲಯದ ಮಾರ್ಕಸ್ ಕ್ರಾನ್‌ಫಾರ್ಸ್ಟ್ ಮತ್ತು ಸಂಗಡಿಗರು ಹಳೆಯ ದಾರಿ, ಹೊಸ ದಾರಿಗಳೆರಡನ್ನೂ ಜೋಡಿಸಿ ನಡೆದರು. ಚಿಟ್ಟೆಗಳನ್ನು ಜೊತೆಗೂಡಿಸಿ ಸಂತತಿಯನ್ನು ಪರೀಕ್ಷಿಸಿ, ವೇಷದ ನೆಲೆಯನ್ನು ವರ್ಣತಂತುವಿನ ಒಂದು ಸಣ್ಣ ತುಂಡಿಗೆ ಇಳಿಸಿದರು. ವೇಷವುಳ್ಳ ಮತ್ತು ವೇಷವಿಲ್ಲದ ಚಿಟ್ಟೆಗಳ ಡಿಎನ್ಎಯನ್ನು ಹೋಲಿಸಿದರು. ರೆಕ್ಕೆಗಳಲ್ಲಿ ಜೀನುಗಳ ಅಭಿವ್ಯಕ್ತಿಯನ್ನು ಅಳೆದರು. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ವಿದ್ವಾಂಸರನ್ನು ಬೆರಗುಗೊಳಿಸಿತು. ಹಲವು ಜೀನುಗಳ ಗುಂಪು ಅಲ್ಲಿರಲಿಲ್ಲ. ಸುಳಿವುಗಳೆಲ್ಲ ಒಂದೇ ಒಂದು ಜೀನಿನತ್ತ ಬೆರಳು ತೋರಿದವು. ಅದರ ಹೆಸರು ‘ಡಬಲ್‌ಸೆಕ್ಸ್’.

ಇದು ಹೊಸ ಹೆಸರಲ್ಲ. ಕೀಟಗಳಲ್ಲಿ ಗಂಡುಹೆಣ್ಣುಗಳ ದೇಹಲಕ್ಷಣವನ್ನು ನಿರ್ಧರಿಸುವ ಜೀನೆಂದು ಹಣ್ಣಿನ ನೊಣದಿಂದ ಅದು ಎಂದೋ ಪರಿಚಿತವಾಗಿತ್ತು. ಅದರ ಓಲೆಯನ್ನು ಗಂಡಿನ ಕೋಶ ಒಂದು ಬಗೆಯಾಗಿ ಕತ್ತರಿಸಿ ಜೋಡಿಸುತ್ತದೆ, ಹೆಣ್ಣಿನ ಕೋಶ ಇನ್ನೊಂದು ಬಗೆಯಾಗಿ. ವೇಷಧಾರಿ ಹೆಣ್ಣುಗಳ ರೆಕ್ಕೆಯಲ್ಲಿ ಹೆಣ್ಣು ಬಗೆಯ ಕೆಲವು ಓಲೆಗಳು ಸಾದಾ ಹೆಣ್ಣುಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಕಂಡವು. ಗಂಡು ವೇಷದ ಜೀನನ್ನು ಹೊತ್ತೂ ವೇಷ ತೊಡದಿರುವುದೇಕೆಂಬ ಹಳೆಯ ಒಗಟು ಇದರಿಂದ ಅರ್ಥವಾಗತೊಡಗಿತು.

ಸ್ಥಳದಲ್ಲಿದ್ದವನೆಲ್ಲ ಕರ್ತೃವೆ?

ಇಷ್ಟಾದರೂ ವಿವೇಕಿಯಾದ ನ್ಯಾಯಾಧೀಶ ತೀರ್ಪು ಕೊಡಲು ಒಪ್ಪಲಾರ. ಕಳವು ನಡೆದ ಹೊತ್ತಿನಲ್ಲಿ ಒಬ್ಬ ಆ ಬೀದಿಯಲ್ಲಿ ಕಂಡನೆಂದ ಮಾತ್ರಕ್ಕೆ ಅವನೇ ಕಳ್ಳನೆನ್ನಬಹುದೆ? ವೇಷವಿರುವೆಡೆ ಒಂದು ಜೀನು ಹೆಚ್ಚು ದುಡಿಯುತ್ತಿದೆಯೆಂದರೆ ಅದೇ ವೇಷವನ್ನು ಉಂಟುಮಾಡಿತೆಂದು ಸಿದ್ಧವಾಗಲಿಲ್ಲ. ಆ ಜೀನಿನ ಬಾಯಿ ಕಟ್ಟಿ, ಆಮೇಲೆ ವೇಷ ಬರುತ್ತದೆಯೋ ಇಲ್ಲವೋ ನೋಡಬೇಕು. ನೊಣದಲ್ಲಾದರೆ ಇದಕ್ಕೆ ಸಿದ್ಧ ತಳಿಗಳನ್ನು ತರಿಸಿದರೆ ಆಯಿತು. ಚಿಟ್ಟೆಯಲ್ಲಿ ಮಾಡುವುದು ಹೇಗೆ?

ಒಂದು ಜೀನಿನ ಓಲೆಗೆ ಹೊಂದುವ ಪುಟ್ಟ ಆರ್‌ಎನ್ಎ ತುಣುಕನ್ನು ಕೋಶದೊಳಗೆ ಸೇರಿಸಿದರೆ ಕೋಶ ತನ್ನ ಓಲೆಯನ್ನು ತಾನೇ ನಾಶಮಾಡುತ್ತದೆ. ಈ ಸೋಜಿಗದ ರಹಸ್ಯವನ್ನು ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಕಂಡುಹಿಡಿದು, 2006ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಎಷ್ಟೋ ಜೀವಿಗಳಲ್ಲಿ ಈ ತುಣುಕನ್ನು ಚುಚ್ಚಿದರೆ ಸಾಕು, ಕೆಲಸವಾಗುತ್ತದೆ. ಚಿಟ್ಟೆ, ಪತಂಗಗಳ ವರ್ಗ ಮಾತ್ರ ಇದಕ್ಕೆ ಸುಲಭವಾಗಿ ಜಗ್ಗುವುದಿಲ್ಲವೆಂದು ಅನೇಕರ ಕಹಿ ಅನುಭವ.

ಟೋಕಿಯೊ ವಿಶ್ವವಿದ್ಯಾನಿಲಯದ ಹರುಹಿಕೊ ಫುಜಿವಾರ ಮತ್ತು ಶಿಷ್ಯರು ಇದಕ್ಕೊಂದು ಉಪಾಯ ಹೂಡಿದರು. ಆಗತಾನೇ ಪ್ಯೂಪವಾದ ಹುಳುವಿನ ಎಳೆಯ ರೆಕ್ಕೆಗೆ ಆರ್‌ಎನ್ಎ ತುಣುಕುಗಳ ದ್ರವವನ್ನು ಚುಚ್ಚಿ, ಅಲ್ಲಿಗೆ ಕ್ಷಣಮಾತ್ರ ವಿದ್ಯುತ್ತನ್ನು ಹಾಯಿಸಿದರು. ಋಣ ವಿದ್ಯುದಂಶವುಳ್ಳ ಆರ್‌ಎನ್ಎ ಧನ ಧ್ರುವದ ಕಡೆಗೆ ಸೆಳೆಯಲ್ಪಟ್ಟು ಕೋಶಗಳೊಳಗೆ ನುಗ್ಗಿತು. ಒಂದು ರೆಕ್ಕೆಗೆ ಮಾತ್ರ ಈ ಚಿಕಿತ್ಸೆ. ಅದೇ ಚಿಟ್ಟೆಯ ಇನ್ನೊಂದು ರೆಕ್ಕೆ ಹೋಲಿಕೆಗೆಂದು ಹಾಗೆಯೇ ಉಳಿಯಿತು. ಇದಕ್ಕಿಂತ ನ್ಯಾಯವಾದ ಸಾಕ್ಷ್ಯ ಬೇರೆ ಯಾವುದು? ತಾಯಿ ಅದೇ, ಆಹಾರ ಅದೇ, ವಯಸ್ಸು ಅದೇ. ಬೇರೆಯಾದುದು ಒಂದು ಜೀನಿನ ಮಾತು ಮಾತ್ರ.

2015ರಲ್ಲಿ ಈ ಫಲ ಪ್ರಕಟವಾಯಿತು. ವೇಷದ ಡಬಲ್‌ಸೆಕ್ಸ್ ಜೀನನ್ನು ಅಡಗಿಸಿದ ರೆಕ್ಕೆಯಲ್ಲಿ ಆರ್‌ಎನ್ಎ ಸೇರಿದಷ್ಟು ಭಾಗದಲ್ಲಿ ವೇಷ ಕಳಚಿ, ಸಾದಾ ಹೆಣ್ಣಿನ ಚಿತ್ತಾರ ಮೂಡಿತ್ತು. ಒಂದು ಪಕ್ಕದಲ್ಲಿ ರಾಣಿಯ ಉಡುಗೆ, ಇನ್ನೊಂದು ಪಕ್ಕದಲ್ಲಿ ಬಣ್ಣ ಒರೆಸಿಕೊಂಡ ನಟಿಯ ಮುಖ! ಆ ಜೀನನ್ನೊಳಗೊಂಡ, ಸುಮಾರು 1 ಲಕ್ಷ 30 ಸಾವಿರ ಅಕ್ಷರಗಳಷ್ಟು ಉದ್ದದ ವರ್ಣತಂತುವಿನ ತುಂಡು ವೇಷಧಾರಿಗಳಲ್ಲಿ ತಲೆಕೆಳಗಾಗಿ ಕೂಡಿಕೊಂಡಿರುವುದನ್ನೂ ಅವರು ಕಂಡರು. ಹಾಗೆ ತಿರುಗಿ ಕುಳಿತ ತುಂಡಿನೊಳಗಣ ಬದಲಾವಣೆಗಳು ತಲೆಮಾರುಗಳು ಉರುಳಿದರೂ ಸಾದಾ ತುಂಡಿನೊಡನೆ ಸುಲಭವಾಗಿ ಬೆರೆತುಹೋಗುವುದಿಲ್ಲ. ಅರ್ಧ ವೇಷದ ಹೆಣ್ಣು ಕಾಣಸಿಗದಿರುವುದಕ್ಕೆ ಇದೂ ಒಂದು ಕಾರಣ. ಕ್ಲಾರ್ಕ್ ಮತ್ತು ಶೆಪರ್ಡರು ಊಹಿಸಿದ ಜೀನುಗಳ ಗುಂಪು ಅಲ್ಲಿ ದೊರೆಯಲಿಲ್ಲ. ಆದರೆ ಬದಲಾವಣೆಗಳು ಗುಂಪಾಗಿ ಕೂಡಿ ಉಳಿಯಬೇಕೆಂಬ ಅವರ ಒಳನೋಟ ಸುಳ್ಳಾಗಲೂ ಇಲ್ಲ.

ಪ್ರತಿಯೊಂದನ್ನೂ ಅದನ್ನೇ ಕೇಳಬೇಕು

ಒಂದು ಚಿಟ್ಟೆಯ ರಹಸ್ಯ ತಿಳಿದರೆ ಎಲ್ಲ ಚಿಟ್ಟೆಗಳದೂ ತಿಳಿದಂತಾಯಿತೆ? ಇಲ್ಲ. ಇದರ ದಾಯಾದಿಯಾದ ‘ಗ್ರೇಟ್ ಮಾರ್ಮನ್’ ಚಿಟ್ಟೆಯಲ್ಲಿಯೂ ಹೆಣ್ಣುಗಳೇ ವೇಷ ತೊಡುತ್ತವೆ; ಅಲ್ಲಿಯೂ ಡಬಲ್‌ಸೆಕ್ಸ್ ಜೀನೇ ಸಿಕ್ಕಿತು. ಆದರೆ ವರ್ಣತಂತುವಿನ ತುಂಡು ಅಲ್ಲಿ ತಲೆಕೆಳಗಾಗಿಲ್ಲ. ಆಫ್ರಿಕದ ಪೆಪಿಲಿಯೊ ಡಾರ್ಡನಸ್ ಎಂಬ ಬಳಗದ ಚಿಟ್ಟೆಯಲ್ಲಿ ವೇಷದ ನೆಲೆಯೇ ಬೇರೆ. ಅಲ್ಲಿ ‘ಎನ್‌ಗ್ರೇಲ್ಡ್’ ಎಂಬ ಜೀನಿನ ಆಸುಪಾಸಿನಲ್ಲಿ ಅದು ಕಂಡುಬಂದಿದೆ. ಒಂದೇ ಮನೆತನದವರು ಒಂದೇ ನಾಟಕವನ್ನು ಬೇರೆ ಬೇರೆ ಸೂತ್ರಧಾರರಿಂದ ಆಡಿಸುತ್ತಿದ್ದಾರೆ. ಒಬ್ಬರನ್ನು ಕೇಳಿ ಇನ್ನೊಬ್ಬರ ಕಥೆಯನ್ನು ಬರೆಯುವಂತಿಲ್ಲ.

ಈಚೆಗೆ ಕ್ರಿಸ್ಪರ್ ಎಂಬ ಹೊಸ ಕತ್ತರಿ ಈ ಕೆಲಸವನ್ನು ಇನ್ನಷ್ಟು ಸುಗಮಗೊಳಿಸಿದೆ. ಮೊಟ್ಟೆಗೆ ಅದನ್ನು ಚುಚ್ಚಿ, ಬೇಕಾದ ಜೀನನ್ನೇ ಕತ್ತರಿಸಬಹುದು. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ‘ಆಪ್ಟಿಕ್ಸ್’ ಎಂಬ ಜೀನನ್ನು ಹೀಗೆ ಕತ್ತರಿಸಿದಾಗ, ಕಂದುಬಣ್ಣದ ಬಕ್‌ಐ ಚಿಟ್ಟೆಯ ರೆಕ್ಕೆಯಲ್ಲಿ ಹೊಳೆಯುವ ನೀಲಿ ಮೂಡಿತು. ಒಂದು ಕಾಲಕ್ಕೆ ನೊಣಕ್ಕೆ ಮಾತ್ರ ಮೀಸಲಾಗಿದ್ದ ಪರೀಕ್ಷೆ ಈಗ ತೋಟದ ಚಿಟ್ಟೆಗೂ ಬಂದಿದೆ. ಆದರೂ ಮೊಟ್ಟೆ ದೊರೆಯಬೇಕು, ಮರಿ ಬದುಕಬೇಕು, ಸಾಕುವ ಕೈಗಳಿಗೆ ತಾಳ್ಮೆಯಿರಬೇಕು. ಅದನ್ನು ಯಾವ ಕತ್ತರಿಯೂ ಒದಗಿಸಲಾರದು.

ಈ ಕಥೆಯಲ್ಲಿ ನಾಯಕನೆಂದು ಒಬ್ಬನನ್ನೇ ಆರಿಸುವುದು ಕಷ್ಟ. ವಾಲೇಸ್ ಕಣ್ಣಿಟ್ಟು ನೋಡಿದನು, ಫ್ರೈಯರ್ ಎಣಿಸಿದನು, ಕ್ಲಾರ್ಕ್ ಮತ್ತು ಶೆಪರ್ಡರು ಒಂದೇ ನೆಲೆಯೆಂದು ಗುರುತಿಸಿದರು, ಬೆಂಗಳೂರು, ಷಿಕಾಗೊಗಳವರು ಹೆಸರು ಹೇಳಿದರು, ಟೋಕಿಯೊದವರು ಸಾಕ್ಷ್ಯ ಒದಗಿಸಿದರು. ಅವರೆಲ್ಲರಿಗೂ ಉತ್ತರ ಕೊಟ್ಟದ್ದು ಮಾತ್ರ ಆ ಚಿಟ್ಟೆಯೇ. ಕೇಳುವ ಬಗೆಯನ್ನು ಕಲಿಯುವವರೆಗೆ ಅದು ಕಾದಿತ್ತು, ಅಷ್ಟೆ.

ಮುಂದೊಮ್ಮೆ ಕರಿಬೇವಿನ ಎಸಳು ಕೀಳುವಾಗ ಹಕ್ಕಿಯ ಹಿಕ್ಕೆಯಂಥ ಹುಳುವೊಂದು ಕಣ್ಣಿಗೆ ಬಿದ್ದರೆ ಒಂದು ಕೊಂಬೆಯನ್ನು ಅದಕ್ಕೆ ಬಿಟ್ಟುಕೊಡಬಾರದೆ? ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾದೀತು. ಕೆಲವು ವಾರಗಳ ಅನಂತರ ರೆಕ್ಕೆ ಒಣಗಿಸಿಕೊಂಡು ಕುಳಿತ ಚಿಟ್ಟೆಯನ್ನು ಮಕ್ಕಳು ಸುತ್ತುವರಿದು, ಇದು ಗಂಡೋ ಹೆಣ್ಣೋ, ಸಾದಾ ಉಡುಗೆಯೋ ವೇಷವೋ ಎಂದು ವಾದಿಸಿಯಾರು. ಆಗ ಮೈಯ ಬಣ್ಣವನ್ನು ನೋಡಿರೆಂದು ಹೇಳಿಕೊಡಲು ತಾಯಿಗೆ ಒಂದು ಸಂದರ್ಭ ಒದಗುತ್ತದೆ.